ಔಷಧದ ತರುವಾಯ

ನಾನು ವೈದ್ಯವಿದ್ಯಾರ್ಥಿಯಾಗಿ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯ ವಾರ್ಡುಗಳಲ್ಲಿ ಓಡಾಡುತ್ತಿದ್ದ ಕಾಲದಲ್ಲಿ, ಅಂದರೆ 1960ರ ದಶಕದ ಕೊನೆಯ ವರ್ಷಗಳಲ್ಲಿ, ಭೇದಿಯೆಂದು ಬಂದ ರೋಗಿಯನ್ನು ಕೇಳತಕ್ಕ ಪ್ರಶ್ನೆಗಳು ಬಹುಮಟ್ಟಿಗೆ ನಿಶ್ಚಿತವಾಗಿದ್ದುವು: ಎಲ್ಲಿಯ ನೀರನ್ನು ಕುಡಿದಿರಿ, ಏನನ್ನು ಉಂಡಿರಿ, ಮನೆಯಲ್ಲಿ ಇನ್ನಾರಿಗಾದರೂ ಹೀಗಾಗಿದೆಯೆ, ಸಮೀಪದಲ್ಲಿ ಜಾತ್ರೆಯೋ ಮದುವೆಯೋ ನಡೆಯಿತೆ. ಭೇದಿಯೆಂಬುದು ಹೊರಗಿನಿಂದ ಒಳಹೊಕ್ಕ ವ್ಯಾಧಿಯೆಂಬ ನಂಬಿಕೆ ಈ ಪ್ರಶ್ನೆಗಳ ಹಿಂದೆ ಇದ್ದಿತು. ಕಾಲರಾ, ಆಮಶಂಕೆ, ವಿಷಮಶೀತಜ್ವರ ಇವುಗಳ ನೆರಳಿನಲ್ಲಿ ಬೆಳೆದ ನಾಡಿನ ವೈದ್ಯರಿಗೆ ಅದಕ್ಕಿಂತ ಸಹಜವಾದ ನಂಬಿಕೆ ಇರಲಾರದು. ನೀರು ಕೆಟ್ಟಿತು, ಆದುದರಿಂದ ಹೊಟ್ಟೆ ಕೆಟ್ಟಿತು. ರೋಗಿಗಳೂ ಹಾಗೆಯೇ ಹೇಳುತ್ತಿದ್ದರು, ನಾವೂ ಹಾಗೆಯೇ ಬರೆದುಕೊಳ್ಳುತ್ತಿದ್ದೆವು. ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ಅದು ಸತ್ಯವೂ ಆಗಿರುತ್ತಿದ್ದಿತು.

ಚಿಕಿತ್ಸೆಯ ವಿಷಯದಲ್ಲಿ ಆಗ ನಡೆದ ದೊಡ್ಡ ಪರಿವರ್ತನೆಯು ಔಷಧದಿಂದ ಬಂದುದಲ್ಲ; ಉಪ್ಪು ಸಕ್ಕರೆಗಳಿಂದ ಬಂದಿತು. 1971ರಲ್ಲಿ ಪೂರ್ವಬಂಗಾಳದಿಂದ ಹರಿದು ಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಬನಗಾಂವ್‌ನ ಶಿಬಿರದಲ್ಲಿ ಡಾ. ದಿಲೀಪ್ ಮಹಲಾನಬಿಸ್ ಅವರು ರಕ್ತನಾಳಕ್ಕೆ ಏರಿಸುವ ದ್ರವವು ತೀರಿಹೋದುದನ್ನು ಕಂಡು, ಗ್ಲೂಕೋಸು ಮತ್ತು ಲವಣಗಳನ್ನು ನೀರಿನಲ್ಲಿ ಕದಡಿ ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸತೊಡಗಿದರು. ಅಲ್ಲಿಯವರೆಗೆ ಶೇಕಡಾ 30ರಷ್ಟಿದ್ದ ಸಾವು ಶೇಕಡಾ 3.6ಕ್ಕೆ ಇಳಿಯಿತು. ಈ ಸುದ್ದಿಯನ್ನು ನಾವು ಬಹಳ ಸಂತೋಷದಿಂದ ಓದಿದೆವು. ಭೇದಿಯ ರೋಗಿಯನ್ನು ಉಳಿಸುವುದಕ್ಕೆ ಅನೇಕ ವೇಳೆ ಯಾವ ಪ್ರತಿಜೀವಕವೂ ಬೇಕಾಗಿಲ್ಲ, ಕಳೆದುಹೋದ ನೀರನ್ನೂ ಉಪ್ಪನ್ನೂ ಹಿಂದಕ್ಕೆ ಕೊಟ್ಟರೆ ದೇಹವು ತನ್ನ ಕಾರ್ಯವನ್ನು ತಾನೇ ಮಾಡಿಕೊಳ್ಳುತ್ತದೆ ಎಂಬ ತಿಳಿವಳಿಕೆ ಅಂದಿನಿಂದ ನನ್ನಲ್ಲಿ ಬೇರೂರಿತು. ಆದರೆ ಅದೇ ವರ್ಷಗಳಲ್ಲಿ ಊರೂರಿನ ಔಷಧದಂಗಡಿಗಳಿಗೆ ಬಣ್ಣಬಣ್ಣದ ಕ್ಯಾಪ್ಸೂಲುಗಳು ಬಂದಿಳಿಯುತ್ತಿದ್ದುವು. ಜನರು ಅವನ್ನು ಪವರ್ ಮಾತ್ರೆಯೆಂದು ಕರೆದು, ನೆಗಡಿಗೂ ಹಲ್ಲುನೋವಿಗೂ ಭೇದಿಗೂ ಒಂದೇ ಶ್ರದ್ಧೆಯಿಂದ ಕೊಂಡು ನುಂಗತೊಡಗಿದ್ದರು.

ಔಷಧವೇ ಭೇದಿಗೆ ದಾರಿಯನ್ನು ತೆರೆಯಬಲ್ಲುದೆಂದು ನನಗೆ ಮೊದಲು ಕಲಿಸಿದವರು ನನ್ನ ಹಿರಿಯ ಅಧ್ಯಾಪಕರೊಬ್ಬರು. ರೋಗಿಯ ಮನೆಯಲ್ಲಿರುವ ಸೀಸೆ, ಚೀಟಿ, ಮಾತ್ರೆಯ ಹಾಳೆ ಎಲ್ಲವನ್ನೂ ಒಂದು ಚೀಲದಲ್ಲಿ ತುಂಬಿ ತರಿಸಿ, ಅವನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿ, ಒಂದೊಂದನ್ನೂ ಯಾವಾಗ ಆರಂಭಿಸಿದಿರಿ, ಎಂದು ನಿಲ್ಲಿಸಿದಿರಿ ಎಂದು ಕೇಳುವುದು ಅವರ ಪದ್ಧತಿ. ಅಮೆರಿಕದ ಸೇಂಟ್ ಲೂಯಿಸ್ ನಗರದಿಂದ 1974ರಲ್ಲಿ ಟೆಡೆಸ್ಕೊ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಲೇಖನವೊಂದನ್ನು ಅವರು ನಮಗೆ ಓದಿ ಹೇಳಿದುದು ನೆನಪಿದೆ. ಕ್ಲಿಂಡಾಮೈಸಿನ್ ಎಂಬ ಪ್ರತಿಜೀವಕವನ್ನು ಪಡೆದ 200 ಮಂದಿಯಲ್ಲಿ ಶೇಕಡಾ 21ರಷ್ಟು ಜನರಿಗೆ ಭೇದಿಯೂ, ಶೇಕಡಾ 10ರಷ್ಟು ಜನರಿಗೆ ದೊಡ್ಡ ಕರುಳಿನ ಒಳಗೋಡೆಯ ಮೇಲೆ ಹಳದಿಯ ಪೊರೆಗಳು ಕಟ್ಟುವ ಉಗ್ರವಾದ ಉರಿಯೂತವೂ ಕಾಣಿಸಿಕೊಂಡಿದ್ದುವು. ಔಷಧವು ಕರುಳನ್ನು ನೇರವಾಗಿ ಸುಡುತ್ತದೆಯೋ, ಇಲ್ಲವೆ ನಡುವೆ ಮತ್ತಾವುದೋ ಕೈವಾಡವಿದೆಯೋ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ತಿಳಿದುದು 1978ರಲ್ಲಿ. ಜಾನ್ ಬಾರ್ಟ್ಲೆಟ್ ಮೊದಲಾದವರು ಹ್ಯಾಮ್ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗಳಿಗೆ ಕ್ಲಿಂಡಾಮೈಸಿನ್ ಕೊಟ್ಟು, ಅವು ಕರುಳಿನ ಉರಿಯೂತದಿಂದ ಸಾಯುವುದನ್ನೂ, ವ್ಯಾಂಕೊಮೈಸಿನ್ ಕೊಟ್ಟರೆ ಉಳಿಯುವುದನ್ನೂ ಕಂಡು, ಅಂಥ ಕರುಳಿನಲ್ಲಿ ವಿಷವನ್ನು ಸುರಿಸುವ ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಎಂಬ ಸೂಕ್ಷ್ಮಾಣುವನ್ನು ರೋಗಿಗಳ ಮಲದಲ್ಲಿಯೂ ತೋರಿಸಿಕೊಟ್ಟರು. ಇದು ಅಪರಿಚಿತ ಜೀವಿಯೇನೂ ಆಗಿರಲಿಲ್ಲ. 1935ರಷ್ಟು ಹಿಂದೆಯೇ ಹಾಲ್ ಮತ್ತು ಓ'ಟೂಲ್ ಎಂಬ ಇಬ್ಬರು ಇದನ್ನು ಕಂಡಿದ್ದರು, ಕಂಡದ್ದಾದರೂ ಎಲ್ಲಿ? ಆಗತಾನೆ ಹುಟ್ಟಿದ, ಯಾವ ಕಾಯಿಲೆಯೂ ಇಲ್ಲದ ಶಿಶುಗಳ ಮಲದಲ್ಲಿ! ವೃದ್ಧರ ಪ್ರಾಣವನ್ನು ತೆಗೆಯಬಲ್ಲ ಜೀವಿಯು ಹಸುಗೂಸುಗಳ ಕರುಳಿನಲ್ಲಿ ಏನೊಂದು ಬಾಧೆಯನ್ನೂ ಮಾಡದೆ ವಾಸವಾಗಿರುತ್ತದೆಂಬ ಈ ಸಂಗತಿಯನ್ನು ನಾನು ಎಷ್ಟು ಸಲ ಚಿಂತಿಸಿದರೂ ನನ್ನ ವಿಸ್ಮಯವು ಕಡಮೆಯಾಗಿಲ್ಲ. ರೋಗವೆಂಬುದು ರೋಗಾಣುವೊಂದರಲ್ಲಿಯೇ ಇಲ್ಲ. ಅದು ಯಾರಲ್ಲಿ, ಯಾವ ವಯಸ್ಸಿನಲ್ಲಿ, ಯಾವ ನೆರೆಹೊರೆಯಲ್ಲಿ ನೆಲಸಿದೆಯೆಂಬುದರಲ್ಲಿಯೂ ಇದೆ.

ಇದನ್ನೆಲ್ಲ ಪುಸ್ತಕದಲ್ಲಿ ಓದಿ ಬಲ್ಲವನಾಗಿದ್ದ ನಾನು ಕಣ್ಣಾರೆ ಕಂಡು ಕಲಿತುದು ತೊಂಬತ್ತರ ದಶಕದ ಕೊನೆಯಲ್ಲಿ, ತುಂಗಾತೀರದ ಒಂದು ಊರಿನಲ್ಲಿ ವೃತ್ತಿಯನ್ನು ನಡೆಸುತ್ತಿದ್ದಾಗ. ಎಪ್ಪತ್ತನ್ನು ದಾಟಿದ, ಅಡಕೆಯ ತೋಟದ ಮನೆಯ ಒಬ್ಬ ಅಜ್ಜಿಯನ್ನು ಅವರ ಮಗನು ಜೀಪಿನಲ್ಲಿ ಮಲಗಿಸಿಕೊಂಡು ಕರೆತಂದನು. ಐದಾರು ದಿನಗಳಿಂದ ಭೇದಿ. ಹಗಲಿರುಳೆನ್ನದೆ ಎದ್ದೆದ್ದು ಹೋಗಬೇಕು. ಕೆಳಹೊಟ್ಟೆಯಲ್ಲಿ ಹಿಂಡಿದಂತೆ ನೋವು, ಸಣ್ಣಗೆ ಜ್ವರ. ಮಜ್ಜಿಗೆಯಲ್ಲಿ ಅರೆದು ಕೊಟ್ಟ ದಾಳಿಂಬೆಯ ಸಿಪ್ಪೆ, ಓಮದ ಕಷಾಯ, ಗಂಜಿಯ ತಿಳಿ ಯಾವುದಕ್ಕೂ ಜಗ್ಗಿರಲಿಲ್ಲ. ಮನೆಯಲ್ಲಿ ಮತ್ತಾರಿಗೂ ಏನೂ ಆಗಿಲ್ಲ; ಬಾವಿಯ ನೀರು ಒಂದೇ, ಅಡಿಗೆ ಒಂದೇ. ನನ್ನ ಹಳೆಯ ಪ್ರಶ್ನೆಗಳೆಲ್ಲ ಇಲ್ಲಿ ಬರಿದಾದುವು. ಇತ್ತೀಚೆಗೆ ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದರೆ ಎಂದು ಕೇಳಿದೆನು. ಇಲ್ಲವೆಂದು ಮಗನು ನಿಶ್ಚಯವಾಗಿ ಹೇಳಿದನು. ನನ್ನ ಗುರುಗಳನ್ನು ನೆನೆದು, ಮನೆಯಲ್ಲಿರುವ ಮಾತ್ರೆಗಳೆಲ್ಲವನ್ನೂ ತರುವಂತೆ ಆತನನ್ನು ಹಿಂದಕ್ಕೆ ಕಳುಹಿಸಿದೆನು. ಆತನು ತಂದ ಚೀಲದಲ್ಲಿ ರಕ್ತದೊತ್ತಡದ ಮಾತ್ರೆಗಳ ಜೊತೆಗೆ ಲಿಂಕೊಮೈಸಿನ್ ಕ್ಯಾಪ್ಸೂಲುಗಳ ಖಾಲಿ ಹಾಳೆಯೂ, ಆಂಪಿಸಿಲಿನ್ ಕ್ಲಾಕ್ಸಾಸಿಲಿನ್‌ಗಳನ್ನು ಬೆರೆಸಿದ ಕ್ಯಾಪ್ಸೂಲುಗಳ ಅರ್ಧ ಉಳಿದ ಹಾಳೆಯೂ ಇದ್ದುವು.

"ಅದು ಹಲ್ಲಿಗೆ ತಗೊಂಡದ್ದು ಡಾಕ್ಟ್ರೇ, ಹೋದ ತಿಂಗಳು. ಹಲ್ಲು ವಾಸಿಯಾಯ್ತಲ್ಲ. ಹಲ್ಲಿಗೂ ಹೊಟ್ಟೆಗೂ ಏನು ಸಂಬಂಧ?" ಎಂದರು ಅಜ್ಜಿ, ಮಲಗಿದ್ದಲ್ಲಿಂದಲೇ.

ಆ ಪ್ರಶ್ನೆಯು ಸಾಧುವಾದುದು. ಈ ವ್ಯಾಧಿಯನ್ನು ಗುರುತಿಸುವುದರಲ್ಲಿರುವ ಕಷ್ಟವೆಲ್ಲವೂ ಅದರಲ್ಲಿ ಅಡಗಿದೆ. ಪ್ರತಿಜೀವಕವನ್ನು ನುಂಗುತ್ತಿರುವಾಗಲೇ ಭೇದಿ ಬಂದರೆ ಯಾರಾದರೂ ಅದನ್ನು ಊಹಿಸಿಯಾರು. ಆದರೆ ಕೊನೆಯ ಮಾತ್ರೆ ಹೊಟ್ಟೆಗೆ ಹೋಗಿ ಕೆಲವು ವಾರಗಳು, ಒಮ್ಮೊಮ್ಮೆ ಎರಡು ಮೂರು ತಿಂಗಳುಗಳೇ ಕಳೆದ ಮೇಲೆ ಬರುವ ಭೇದಿಯನ್ನು ಮರೆತುಹೋದ ಹಲ್ಲುನೋವಿಗೆ ಜೋಡಿಸುವುದು ಹೇಗೆ? ಆದುದರಿಂದ ಈ ವೃತ್ತಾಂತವು ರೋಗಿಯ ಬಾಯಿಂದ ತಾನಾಗಿ ಹೊರಬೀಳುವುದಿಲ್ಲ. ವೈದ್ಯನು ತಾಳ್ಮೆಯಿಂದ ಕುಳಿತು, ಕಳೆದ ಮೂರು ತಿಂಗಳುಗಳನ್ನು ವಾರವಾರವಾಗಿ ಕೆದಕಿ ತೆಗೆಯಬೇಕು.

ಅದುವರೆಗೆ ಆ ಹಳ್ಳಿಯಲ್ಲಿ ಅಜ್ಜಿಗೆ ಭೇದಿಯನ್ನು ಕಟ್ಟುವ ಮಾತ್ರೆಯನ್ನು ಯಾರೂ ಕೊಟ್ಟಿರಲಿಲ್ಲ, ಅದೊಂದು ಭಾಗ್ಯ. ಮಗನಾದರೋ ಅದನ್ನೇ ಬೇಡುತ್ತಿದ್ದನು. ತಾಯಿಯು ರಾತ್ರಿಯೆಲ್ಲ ಎದ್ದು ನರಳುವುದನ್ನು ನೋಡಲಾರದ ಆತನ ಸಂಕಟವು ನನಗೆ ಅರ್ಥವಾಗುತ್ತಿದ್ದಿತು. ಆದರೆ ಇಲ್ಲಿ ಭೇದಿಯೊಡನೆ ಹೊರಬೀಳುತ್ತಿರುವುದು ವಿಷ; ಕರುಳಿನ ಚಲನೆಯನ್ನು ಔಷಧದಿಂದ ತಡೆದರೆ ಆ ವಿಷವು ಒಳಗೇ ನಿಂತು ಕರುಳು ಉಬ್ಬಿ ಒಡೆಯುವ ಅಪಾಯವುಂಟು. ಈ ರೋಗದಲ್ಲಿ ಭೇದಿಯು ಇದ್ದಕ್ಕಿದ್ದಂತೆ ನಿಂತು ಹೊಟ್ಟೆಯು ಬಿಗಿದುಕೊಂಡರೆ ಮನೆಯವರು ಗುಣವಾಯಿತೆಂದು ಸಮಾಧಾನಪಡುವರು, ವೈದ್ಯನ ಎದೆಯೋ ನಡುಗುವುದು. ಹಾಗಾಗಿ ನಿಲ್ಲಿಸುವ ಮಾತ್ರೆಯನ್ನು ಕೊಡಲಾರೆನೆಂದು ಹೇಳಿ, ಒಂದು ಲೀಟರು ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಎಂದು ಆತನಿಗೆ ಕಲಿಸಿದೆನು. ಅಜ್ಜಿಯ ನಾಲಗೆಯು ಒಣಗಿ ಒರಟಾಗಿದ್ದುದರಿಂದ ರಕ್ತನಾಳಕ್ಕೂ ದ್ರವವನ್ನು ಏರಿಸಿದೆನು.

ನಿದಾನಕ್ಕೆ ಮಲದ ಪರೀಕ್ಷೆಯಾಗಬೇಕು. ಸೂಕ್ಷ್ಮಾಣುವನ್ನು ಬೆಳೆಸಿ ನೋಡುವುದು ನಿಧಾನದ ಮತ್ತು ದುಸ್ಸಾಧ್ಯವಾದ ಕಾರ್ಯವಾದುದರಿಂದ, ಅದು ಸ್ರವಿಸುವ ವಿಷವನ್ನು ಹುಡುಕುವ ಪರೀಕ್ಷೆಯೇ ಆಗ ನಮಗಿದ್ದ ಉಪಾಯ. ಆ ವಿಷವು ಸಾಮಾನ್ಯ ತಾಪದಲ್ಲಿ ಒಂದೆರಡು ಗಂಟೆಗಳಲ್ಲಿಯೇ ಶಿಥಿಲವಾಗತೊಡಗುವುದರಿಂದ ಮಲವನ್ನು ಮಂಜುಗಡ್ಡೆಯಲ್ಲಿಟ್ಟು ಕಳುಹಿಸಬೇಕು. ಮಗನು ಥರ್ಮಾಸ್ ಫ್ಲಾಸ್ಕಿನಲ್ಲಿ ಮಂಜುಗಡ್ಡೆಯನ್ನು ತುಂಬಿಸಿ, ಅದರೊಳಗೆ ಆ ಸಣ್ಣ ಸೀಸೆಯನ್ನಿಟ್ಟು, ರಾತ್ರಿಯ ಬಸ್ಸಿನಲ್ಲಿ ಮಡಿಲಲ್ಲಿಯೇ ಇರಿಸಿಕೊಂಡು ನಗರದ ಪ್ರಯೋಗಶಾಲೆಗೆ ಕೊಂಡುಹೋದನು. ತಾಯಿಯ ಮಲವನ್ನು ಅಷ್ಟು ಜೋಪಾನವಾಗಿ ಹೊತ್ತ ಆ ಮಗನ ವಿಷಯದಲ್ಲಿ ನನಗೆ ಹುಟ್ಟಿದ ಗೌರವವು ಇಂದಿಗೂ ಇದೆ. ವಿಷವು ಇದೆಯೆಂಬ ಉತ್ತರವು ಬರುವುದಕ್ಕೆ ಮೊದಲೇ ನಾನು ಚಿಕಿತ್ಸೆಯನ್ನು ಆರಂಭಿಸಿದ್ದೆನು. ಚಿಕಿತ್ಸೆಯ ಮೊದಲನೆಯ ಹೆಜ್ಜೆ ಏನನ್ನಾದರೂ ಕೊಡುವುದಲ್ಲ, ಇರುವ ಪ್ರತಿಜೀವಕವನ್ನು ಬಿಡಿಸುವುದು. ಅಜ್ಜಿಯು ಉಳಿದ ಅರ್ಧ ಹಾಳೆಯನ್ನು ಭೇದಿಗೂ ಆಗಬಹುದೆಂದು ಮತ್ತೆ ನುಂಗತೊಡಗಿದ್ದರೆಂದು ವಿಚಾರಿಸಿದಾಗ ತಿಳಿದುಬಂದಿತ್ತು.

ಆ ಕಾಲದಲ್ಲಿ ಈ ರೋಗಕ್ಕೆ ಮೊದಲು ಕೊಡುತ್ತಿದ್ದುದು ಮೆಟ್ರೊನಿಡಝೋಲ್. ಅಗ್ಗವಾದ, ಎಲ್ಲೆಡೆಯೂ ದೊರೆಯುವ, ಆಮಶಂಕೆಗೆಂದು ನಮ್ಮ ನಾಡಿನ ಪ್ರತಿಯೊಂದು ಮನೆಗೂ ಪರಿಚಿತವಾದ ಮಾತ್ರೆ ಅದು. ಅಜ್ಜಿಯು ಚೇತರಿಸಿಕೊಂಡು ಮನೆಗೆ ಹೋದರು. ಮೂರು ವಾರಗಳಾದ ಮೇಲೆ ಅದೇ ಜೀಪು ಮತ್ತೆ ನನ್ನ ಬಾಗಿಲಿನಲ್ಲಿ ನಿಂತಿತು. ಈ ಸಲ ಹೊಟ್ಟೆಯು ಉಬ್ಬಿತ್ತು, ರಕ್ತದ ಬಿಳಿಯ ಕಣಗಳ ಎಣಿಕೆ 15,000ವನ್ನು ಮೀರಿತ್ತು, ಮೂತ್ರವು ಕಡಮೆಯಾಗಿತ್ತು. ವಾಸಿಯಾದ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೀಗೆ ಮರುಕಳಿಸುವುದುಂಟು. ಒಮ್ಮೆ ಮರುಕಳಿಸಿದವರಲ್ಲಿ ಮತ್ತೊಮ್ಮೆ ಮರುಕಳಿಸುವ ಸಂಭವವು ಇನ್ನೂ ಹೆಚ್ಚು. ಔಷಧವು ಜೀವಂತವಾದ ಸೂಕ್ಷ್ಮಾಣುವನ್ನು ಕೊಲ್ಲುತ್ತದೆ. ಆದರೆ ಗಟ್ಟಿಕವಚವನ್ನು ತೊಟ್ಟು ನಿದ್ರಿಸುವ ಅದರ ಬೀಜಾಣುಗಳನ್ನು ಮುಟ್ಟಲಾರದು.

ಈ ಬಾರಿ ವ್ಯಾಂಕೊಮೈಸಿನ್ ಬೇಕಾಯಿತು. ಬೋರ್ನಿಯೊ ದ್ವೀಪದ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯೊಂದರಿಂದ 1950ರ ದಶಕದಲ್ಲಿ ತೆಗೆದ ಈ ಔಷಧವನ್ನು ರಕ್ತದಲ್ಲಿ ಸೇರಬೇಕಾದಾಗ ಸೂಜಿಯ ಮೂಲಕವೇ ಕೊಡಬೇಕು, ಏಕೆಂದರೆ ಬಾಯಿಯ ಮೂಲಕ ಕೊಟ್ಟರೆ ಅದು ಕರುಳಿನಿಂದ ಹೀರಲ್ಪಡುವುದಿಲ್ಲ; ಇತರ ರೋಗಗಳಲ್ಲಿ ಕೊರತೆಯಾದ ಈ ಗುಣವೇ ಇಲ್ಲಿ ಅದರ ಶ್ರೇಷ್ಠವಾದ ಗುಣ. ಕುಡಿದುದೆಲ್ಲವೂ ಕರುಳಿನಲ್ಲಿಯೇ ಉಳಿದು, ರೋಗವಿರುವ ಸ್ಥಳವನ್ನೇ ಸೇರುವುದು. ಇಂಜೆಕ್ಷನ್ನಿಗೆಂದು ಬರುವ ಅದರ ಪುಡಿಯನ್ನೇ ನೀರಿನಲ್ಲಿ ಕರಗಿಸಿ ಕುಡಿಸಿದೆನು: 500 ಮಿಲಿಗ್ರಾಮಿನ ಒಂದು ಸೀಸೆ, 125 ಮಿಲಿಗ್ರಾಮಿನಂತೆ ದಿನಕ್ಕೆ ನಾಲ್ಕು ಬಾರಿ, ಹತ್ತು ದಿನ. ಬಹಳ ಕಹಿ, ಅಜ್ಜಿಯು ಅದನ್ನು ಕಿತ್ತಳೆಯ ರಸದಲ್ಲಿ ಬೆರೆಸಿಕೊಂಡು ಮುಖವನ್ನು ಹಿಂಡಿಕೊಂಡು ಕುಡಿಯುತ್ತಿದ್ದರು. ಮೂರನೆಯ ದಿನ ಜ್ವರವು ಇಳಿಯಿತು, ಹೊಟ್ಟೆಯು ಮೆತ್ತಗಾಯಿತು. ಆಮೇಲಿನ ವರ್ಷಗಳಲ್ಲಿ ಶಾಸ್ತ್ರವೂ ಅದೇ ದಿಕ್ಕಿಗೆ ಸರಿದು, ಇಂದು ಮೊದಲ ಸಲವೇ ವ್ಯಾಂಕೊಮೈಸಿನ್ ಅಥವಾ 2011ರಲ್ಲಿ ಬಂದ ಫಿಡಾಕ್ಸೊಮೈಸಿನ್ ಕೊಡತಕ್ಕದ್ದೆಂದೂ, ಮೆಟ್ರೊನಿಡಝೋಲ್ ಅವು ಸಿಕ್ಕದಲ್ಲಿ ಮಾತ್ರವೆಂದೂ ನಿಯಮವಾಗಿದೆ. ಕರುಳಿನ ಇತರ ಜೀವಿಗಳನ್ನು ಹೆಚ್ಚು ಕೆಡಿಸದ ಫಿಡಾಕ್ಸೊಮೈಸಿನ್ನಿನಿಂದ ಮರುಕಳಿಸುವುದು ಕಡಮೆ. ಬೆಲೆ ಮಾತ್ರ ವಿಪರೀತ.

ಶುಶ್ರೂಷೆಯ ವಿಷಯದಲ್ಲಿ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಈಚೆಗೆ ಎಲ್ಲ ಆಸ್ಪತ್ರೆಗಳ ಗೋಡೆಗಳಲ್ಲಿಯೂ ತೂಗುಹಾಕಿರುವ, ಕೈಗೆ ಸವರಿಕೊಳ್ಳುವ ಮದ್ಯಸಾರದ ದ್ರವವು ಈ ಬೀಜಾಣುಗಳನ್ನು ಕೊಲ್ಲುವುದಿಲ್ಲ. ಸೋಪನ್ನು ಹಚ್ಚಿ, ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದರೆ ಮಾತ್ರ ಅವು ಕೈಯಿಂದ ಜಾರಿಹೋಗುತ್ತವೆ. ನೆಲವನ್ನೂ ಶೌಚದ ಪಾತ್ರೆಯನ್ನೂ ಕ್ಲೋರಿನ್ ಬೆರೆಸಿದ ನೀರಿನಿಂದ ತೊಳೆಯಬೇಕು. ಅಜ್ಜಿಯ ಸೊಸೆಯು ಇದನ್ನು ಒಮ್ಮೆ ಕೇಳಿ, ಹೇಳಿದುದಕ್ಕಿಂತ ಹೆಚ್ಚಾಗಿ ನಡೆಸಿದಳು. ಹೊರಗಿನಿಂದ ಬಂದೊಡನೆ ಕೈಕಾಲು ತೊಳೆಯದೆ ಒಳಗೆ ಕಾಲಿಡದ ಮನೆ ಅದು.

ಹಲ್ಲಿಗೂ ಹೊಟ್ಟೆಗೂ ಇರುವ ಸಂಬಂಧವನ್ನು ಅಜ್ಜಿಗೆ ನಾನು ಆಗ ಹೇಳಿದುದು, ಒಳ್ಳೆಯ ಕ್ರಿಮಿಗಳು ಸತ್ತು ಕೆಟ್ಟ ಕ್ರಿಮಿಗೆ ಜಾಗವಾಯಿತು ಎಂದಿಷ್ಟೇ. ಅದಕ್ಕಿಂತ ಸೂಕ್ಷ್ಮವಾದ ವಿವರಣೆಯು ಅನಂತರ ದೊರೆಯಿತು. ದೇಹದ ಏರ್ಪಾಡನ್ನು ಅದು ಎಷ್ಟು ಸೊಗಸಾಗಿ ತೋರಿಸುತ್ತದೆಂದರೆ, ಅಜ್ಜಿಯು ಬದುಕಿದ್ದರೆ ಈಗ ಹೋಗಿ ಹೇಳಿಬರುತ್ತಿದ್ದೆನು. ಯಕೃತ್ತು ಸ್ರವಿಸುವ ಪಿತ್ತರಸದಲ್ಲಿರುವ ಲವಣಗಳಲ್ಲಿ ಕೆಲವು ಈ ಬೀಜಾಣುಗಳನ್ನು ನಿದ್ರೆಯಿಂದ ಎಬ್ಬಿಸುತ್ತವೆ. ಆದರೆ ದೊಡ್ಡ ಕರುಳಿನ ನಿವಾಸಿಗಳಾದ ಕೆಲವು ಬ್ಯಾಕ್ಟೀರಿಯಾಗಳು ಅದೇ ಲವಣಗಳನ್ನು ಬೇರೊಂದು ರೂಪಕ್ಕೆ ಮಾರ್ಪಡಿಸುತ್ತವೆ. ಆ ಮಾರ್ಪಟ್ಟ ರೂಪವು ಎದ್ದ ಶತ್ರುವನ್ನು ಬೆಳೆಯಗೊಡದು. ಪ್ರತಿಜೀವಕವು ಈ ನಿವಾಸಿಗಳನ್ನು ಅಳಿಸಿತೆಂದರೆ ಎಬ್ಬಿಸುವ ಲವಣವು ಉಳಿಯಿತು, ತಡೆಯುವ ಲವಣವು ಇಲ್ಲದಾಯಿತು. ನಮ್ಮ ಪಿತ್ತರಸವನ್ನು ನಮಗೆ ಹಿತವಾಗುವಂತೆ ತಿದ್ದುವ ಕಾರ್ಯವನ್ನು ನಮ್ಮದಲ್ಲದ ಜೀವಿಗಳು ನಮ್ಮೊಳಗೆ ಕುಳಿತು ಅಹರ್ನಿಶಿ ನಡೆಸುತ್ತಿವೆಯೆಂದಮೇಲೆ, ಅವು ನಮ್ಮವಲ್ಲವೆನ್ನುವುದು ಹೇಗೆ?

ಈ ಆಲೋಚನೆಯನ್ನು ಕೊನೆಯವರೆಗೂ ಕೊಂಡೊಯ್ದರೆ ತಲಪುವ ಚಿಕಿತ್ಸೆಯು ನನ್ನಂತಹ ಮನೆಯಲ್ಲಿ ಹುಟ್ಟಿದವರಿಗೆ ಸುಲಭವಾಗಿ ಒಪ್ಪಿಗೆಯಾಗುವಂಥದಲ್ಲ. ಮಡಿ ಮೈಲಿಗೆಗಳು ಉಸಿರಾಟದಷ್ಟು ಸಹಜವಾಗಿದ್ದ, ಶೌಚಕ್ಕೆ ಹೋಗಿಬಂದವನು ಸ್ನಾನಮಾಡದೆ ಅಡಿಗೆಮನೆಯ ಹೊಸ್ತಿಲನ್ನು ಮೆಟ್ಟದ ಮನೆತನ ನಮ್ಮದು. ಸ್ವಸ್ಥನಾದ ಒಬ್ಬನ ಮಲವನ್ನು ರೋಗಿಯ ಕರುಳಿಗೆ ಸೇರಿಸಿ, ನಾಶವಾದ ನಿವಾಸಿಗಳನ್ನು ಅಲ್ಲಿ ಪುನಃ ನೆಲೆಗೊಳಿಸಬಹುದೆಂದು ಓದಿದಾಗ ನನ್ನ ಬುದ್ಧಿಯು ಒಪ್ಪಿತು, ಮನಸ್ಸು ಹಿಂಜರಿಯಿತು. ಚೀನಾ ದೇಶದಲ್ಲಿ ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬ ವೈದ್ಯನು ಇಂತಹುದನ್ನು ಬರೆದಿಟ್ಟಿದ್ದನು; ಡೆನ್ವರ್ ನಗರದ ಶಸ್ತ್ರವೈದ್ಯ ಬೆನ್ ಐಸ್‌ಮನ್ ಮತ್ತು ಸಂಗಡಿಗರು 1958ರಲ್ಲಿಯೇ ನಾಲ್ವರು ರೋಗಿಗಳಲ್ಲಿ ಇದನ್ನು ಎನಿಮಾ ರೂಪದಲ್ಲಿ ನಡೆಸಿ ಗುಣವನ್ನು ಕಂಡಿದ್ದರು; ಆದರೂ 2013ರಲ್ಲಿ ನೆದರ್ಲೆಂಡ್ಸ್ ದೇಶದ ವೈದ್ಯರು ಮಾಡಿದ ಪ್ರಯೋಗವು ಪ್ರಕಟವಾಗುವವರೆಗೂ ಲೋಕವು ಅದನ್ನು ಪಕ್ಕಕ್ಕಿಟ್ಟಿದ್ದಿತು. ಪದೇ ಪದೇ ಮರುಕಳಿಸಿದವರಲ್ಲಿ ವ್ಯಾಂಕೊಮೈಸಿನ್ ಒಂದನ್ನೇ ಪಡೆದ 13 ಮಂದಿಯಲ್ಲಿ ನಾಲ್ವರು ಗುಣಹೊಂದಿದರು. ಮಲವನ್ನು ಪಡೆದ 16 ಮಂದಿಯಲ್ಲಿ ಮೊದಲ ಸಲವೇ 13 ಮಂದಿಯೂ, ಎರಡನೆಯ ಸಲ ಮತ್ತಿಬ್ಬರೂ ಗುಣಹೊಂದಿದರು. ಅಂತರವು ಅಷ್ಟು ಸ್ಪಷ್ಟವಾದುದರಿಂದ ಪ್ರಯೋಗವನ್ನು ಮುಂಚಿತವಾಗಿಯೇ ನಿಲ್ಲಿಸಿದರು.

ಅಮೆರಿಕದಲ್ಲಿ ನೆಲಸಿರುವ ನನ್ನ ಸಹಪಾಠಿಯೊಬ್ಬನು, ನನ್ನಂತೆಯೇ ಮಡಿಯ ಮನೆಯಲ್ಲಿ ಬೆಳೆದವನು, ಶಸ್ತ್ರಚಿಕಿತ್ಸೆಯೊಂದರ ತರುವಾಯ ಈ ರೋಗಕ್ಕೆ ತುತ್ತಾಗಿ, ಔಷಧವನ್ನು ನಿಲ್ಲಿಸಿದೊಡನೆ ಮತ್ತೆ ಹಾಸಿಗೆಯನ್ನು ಹಿಡಿಯುತ್ತ, ಒಂದು ವರ್ಷದಲ್ಲಿ ಗುರುತೇ ಸಿಗದಷ್ಟು ಕೃಶನಾಗಿದ್ದನು. ಅವನು ಈ ಚಿಕಿತ್ಸೆಯನ್ನು ಮಾಡಿಸಿಕೊಂಡನು. ಅನಂತರ ದೂರವಾಣಿಯಲ್ಲಿ ಮಾತನಾಡುವಾಗ, "ಕಣೋ, ಮೊಸರನ್ನ ತಿಂದೆ, ಜೀರ್ಣವಾಯ್ತು" ಎಂದು ಹೇಳಿ ಅತ್ತುಬಿಟ್ಟನು. ನನ್ನ ಮನಸ್ಸಿನ ಹಿಂಜರಿಕೆಯು ಆ ಕ್ಷಣದಲ್ಲಿಯೇ ಹೋಯಿತು. ಹಾಗೆಂದು ಇದನ್ನು ಮನೆಯಲ್ಲಿ ಮಾಡಿಕೊಳ್ಳತಕ್ಕ ಉಪಚಾರವೆಂದು ಯಾರೂ ಭಾವಿಸಕೂಡದು. ದಾತೃವನ್ನು ಪರೀಕ್ಷಿಸುವುದರಲ್ಲಿ ಲೋಪವಾಗಿ, ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ದಾತೃವಿನಿಂದ ರೋಗಿಗೆ ದಾಟಿ ಪ್ರಾಣಹಾನಿಯಾದುದನ್ನು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2019ರಲ್ಲಿ ಪ್ರಕಟಿಸಿತು. ಪ್ರತಿಜೀವಕಗಳನ್ನು ಇಷ್ಟು ಧಾರಾಳವಾಗಿ ನುಂಗುವ ನಮ್ಮ ದೇಶದಲ್ಲಿ ಆರೋಗ್ಯವಂತರ ಕರುಳಿನಲ್ಲಿಯೂ ಅಂತಹ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿರುವುದರಿಂದ ನಮಗೆ ಎಚ್ಚರವು ಇನ್ನೂ ಹೆಚ್ಚಾಗಿ ಬೇಕು.

ತರುಣ ವೈದ್ಯರು ಈ ರೋಗವನ್ನು ಕುರಿತು ಕೇಳಿದಾಗ ನಾನು ಅವರನ್ನು ಎರಡು ಕಡೆಗಳಿಂದಲೂ ಎಚ್ಚರಿಸುವುದುಂಟು. ಪ್ರತಿಜೀವಕದ ತರುವಾಯ ಬರುವ ಭೇದಿಗಳೆಲ್ಲವೂ ಇದಲ್ಲ. ಅವುಗಳಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಇದಾಗಿರಲಾರದು, ಉಳಿದುವು ಮಾತ್ರೆಯನ್ನು ಬಿಟ್ಟರೆ ತಾವೇ ನಿಲ್ಲುವುವು. ದಿನಕ್ಕೆ ಮೂರು ಬಾರಿಯಾದರೂ ನೀರಾಗಿ ಹೋಗದಿರುವವನ ಮಲವನ್ನು ಪರೀಕ್ಷೆಗೆ ಕಳುಹಿಸಕೂಡದು, ಏಕೆಂದರೆ ಸೂಕ್ಷ್ಮಾಣುವು ಸುಮ್ಮನೆ ಕರುಳಿನಲ್ಲಿ ತಂಗಿರುವವರೂ ಉಂಟು. ಈಗಿನ ಜೀನು ಹುಡುಕುವ ಪರೀಕ್ಷೆಗಳು ಎಷ್ಟು ಸೂಕ್ಷ್ಮವೆಂದರೆ ರೋಗವಿಲ್ಲದವನಲ್ಲಿಯೂ ಇದೆಯೆಂದುಬಿಡುವುವು. ಗುಣವಾದ ಮೇಲೆ ಮತ್ತೆ ಪರೀಕ್ಷಿಸುವುದೂ ವ್ಯರ್ಥ. ವಾಸಿಯಾದವನ ಮಲದಲ್ಲಿ ವಾರಗಟ್ಟಲೆ ಅದು ಕಾಣುತ್ತಲೇ ಇರಬಹುದು. ಔಷಧವನ್ನು ಕೊಡಬೇಕಾದುದು ಮನುಷ್ಯನಿಗೆ, ಪ್ರಯೋಗಶಾಲೆಯ ಕಾಗದಕ್ಕಲ್ಲ. ಇನ್ನು ಅಂಗಡಿಗಳ ಮಾತು: ಕೆಲವು ಪ್ರತಿಜೀವಕಗಳನ್ನು ವೈದ್ಯರ ಚೀಟಿಯನ್ನು ನೋಡಿ, ಪುಸ್ತಕದಲ್ಲಿ ಬರೆದುಕೊಂಡೇ ಮಾರಬೇಕೆಂಬ ಎಚ್1 ಅನುಸೂಚಿಯು 2014ರಿಂದ ಜಾರಿಯಲ್ಲಿದೆ. ಅದು ಪಾಲಿಸಲ್ಪಡುವ ಅಂಗಡಿಗಳನ್ನೂ ನಾನು ಕಂಡಿದ್ದೇನೆ, ಪಾಲಿಸಲ್ಪಡದವನ್ನೂ ಕಂಡಿದ್ದೇನೆ. ಎರಡನೆಯವು ಹೆಚ್ಚೆಂದು ಹೇಳಲು ನನಗೆ ದುಃಖವಾಗುತ್ತದೆ.

ಅಜ್ಜಿಯ ಮಗನು ಮಾತ್ರ ಆ ಎರಡನೆಯ ಸಲದ ತರುವಾಯ ಒಂದು ನೋಟುಪುಸ್ತಕವನ್ನು ಇಟ್ಟನು. ತಾಯಿಗೆ ಕೊಟ್ಟ ಪ್ರತಿಯೊಂದು ಮಾತ್ರೆಯ ಹೆಸರು, ದಿನ, ಕಾರಣ ಎಲ್ಲವನ್ನೂ ತೋಟದ ಲೆಕ್ಕವನ್ನು ಬರೆಯುವ ಅದೇ ದುಂಡಾದ ಅಕ್ಷರಗಳಲ್ಲಿ ಅದರಲ್ಲಿ ಬರೆಯುತ್ತಿದ್ದನು. ಕೆಲವು ವರ್ಷಗಳ ಮೇಲೆ ಅಜ್ಜಿಗೆ ಕಾಲಿನಲ್ಲಿ ಸರ್ಪಸುತ್ತಿನಂತೆ ಕೆಂಪಡರಿ ಜ್ವರವು ಬಂದಾಗ, ಪ್ರತಿಜೀವಕವನ್ನು ಕೊಡದೆ ಬಿಡುವಂತಿರಲಿಲ್ಲ. ಚರ್ಮದ ಸೋಂಕು; ಸ್ಟ್ರೆಪ್ಟೊಕಾಕಸ್ ಎಂಬುದು ನೋಟದಿಂದಲೇ ಸ್ಪಷ್ಟವಾಗಿದ್ದಿತು. ನಾವಿಬ್ಬರೂ ಆ ಪುಸ್ತಕವನ್ನು ನಡುವೆ ತೆರೆದಿಟ್ಟುಕೊಂಡು, ಬಹುಸಂಖ್ಯೆಯ ಜೀವಿಗಳನ್ನು ಒಮ್ಮೆಗೇ ಕೊಲ್ಲುವ ಹೊಸ ಔಷಧಗಳನ್ನೆಲ್ಲ ಬದಿಗಿರಿಸಿ, ಹಳೆಯ ಪೆನಿಸಿಲಿನ್ನನ್ನೇ, ಅದನ್ನೂ ಅಗತ್ಯವಾದಷ್ಟೇ ದಿನಗಳವರೆಗೆ ಕೊಡುವುದೆಂದು ನಿಶ್ಚಯಿಸಿದೆವು. ಆಮ್ಲವನ್ನು ಅಡಗಿಸುವ ಮಾತ್ರೆಯನ್ನು ಬೇರೊಬ್ಬರು ಸುಮ್ಮನೆ ಜೊತೆಗೆ ಬರೆದಿದ್ದರು. ಅದೂ ಈ ಭೇದಿಗೆ ನೆರವಾಗುವುದೆಂದು ಶಂಕೆಯಿರುವುದರಿಂದ ಅದನ್ನು ನಿಲ್ಲಿಸಿದೆನು. ಕಾಲು ವಾಸಿಯಾಯಿತು. ಎರಡು ತಿಂಗಳು ಕಾದುನೋಡಿದೆವು; ಭೇದಿಯು ಬರಲಿಲ್ಲ. ಮಗನು ಅದನ್ನೂ ದಿನಾಂಕಸಹಿತವಾಗಿ ಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ವಾರ ಹಲ್ಲಿನ ವೈದ್ಯರ ಬಳಿಗೆ ಹೋಗಬೇಕಾಗಿದೆಯಲ್ಲ, ಅವರಿಗೆ ಏನೆಂದು ಹೇಳಲಿ ಎಂದು ಕೇಳಿದನು. ನಾನು ಅವರಿಗೊಂದು ಕಾಗದವನ್ನು ಬರೆದುಕೊಟ್ಟೆನು.